ಕುರ್ಚಿ ಕೊಟ್ಟವರ ಕ್ಲಬ್ಬು

ಯಾರದಾದರೂ ಮನೆಗೆ ಹೋದಾಗ ಅವರು ಗಡಬಡಿಸಿ ಕುರ್ಚಿ ತಂದಿಟ್ಟು, ಭುಜದ ಮೇಲಿನ ಟಾವೆಲ್ಲಿನಿಂದ ಅದರ ಧೂಳು ಹೊಡೆದು, "ಕೂಡ್ರಿ, ಕೂಡ್ರಿ" ಎಂದರೆ ನನಗೆ ಈಗ ಒಂದು ಥರ ಅಂಜಿಕೆ. ಮೊದಲು ಹೀಗಿರಲಿಲ್ಲ. ಮೊದಲಾದರೆ ಕುರ್ಚಿ ಕೊಡದಿದ್ದರೆ ಸಿಟ್ಟು ಬರುತ್ತಿತ್ತು. ಈಗ ನಿಂತೇ ಇರುತ್ತೇನೆ, ಇಲ್ಲವೆ ಅಂಗಳದ ಕಟ್ಟೆ ಹುಡುಕಿಕೊಳ್ಳುತ್ತೇನೆ. "ಯಾಕ್ರಿ, ಸೊಂಟಕ್ಕ ಬ್ಯಾನಿ ಅದ ಏನ್?" ಎಂದು ಕೇಳಿದವರಿಗೆ ಹೌದು ಎಂದುಬಿಡುವುದು ಸುಲಭ.

ತಮಾಷೆಯೆಂದರೆ ನನ್ನ ಕಸುಬೇ ಮಂದಿಗೆ ಕೂಡಲು ಸೀಟು ಹೊಲಿಯುವುದು. ಹುಮನಾಬಾದಿನಿಂದ ಮಾಣಿಕನಗರದ ಕಡೆ ಹೋಗುವಲ್ಲಿ ನನ್ನದೊಂದು ತಗಡಿನ ಅಂಗಡಿ. ಲಾರಿ, ಜೀಪು, ಆಟೋ ಏನೇ ಬರಲಿ, ಹರಿದ ಸೀಟು ಕಿತ್ತು, ಹೊಸ ನಾರು ತುಂಬಿ, ಮೇಲೆ ರೆಕ್ಸಿನ್ ಎಳೆದು ಹೊಲಿದು ಕೊಡುತ್ತೇನೆ. ಓದಿದ್ದು ನಾಲ್ಕನೆಯ ತರಗತಿ. ಅಪ್ಪ ತೀರಿಕೊಂಡ ವರ್ಷ ಶಾಲೆಯೂ ಮುಗಿಯಿತು. ಆದರೆ ರೆಕ್ಸಿನ್ ಕತ್ತರಿಸುವ ಮುಂಚೆ ಹಳೆಯ ಪೇಪರಿನ ಮೇಲೆ ಅಳತೆ ಹಾಕಿಕೊಳ್ಳಬೇಕಲ್ಲ, ಆ ಪೇಪರು ಓದುವ ಚಟ ಹತ್ತಿತು. ಹಾಗಾಗಿ ನನ್ನ ವಿದ್ಯೆಯೆಲ್ಲ ಆರು ತಿಂಗಳು ಹಳೆಯದು. ಒಂದು ಸರಕಾರ ಬಿದ್ದ ಸುದ್ದಿ ನನಗೆ ತಲುಪುವ ಹೊತ್ತಿಗೆ ಅದರ ಮುಂದಿನದೂ ಬಿದ್ದಿರುತ್ತಿತ್ತು.

ಕುರ್ಚಿಯ ಮಾತು ಬಂದರೆ ನಮ್ಮ ಮನೆತನದ ರೋಗದ ಮಾತೂ ಬರಬೇಕು. ನಮ್ಮಲ್ಲಿ ಅದಕ್ಕೆ ಮಾನಪಾನ ಎನ್ನುತ್ತಾರೆ. ಮದುವೆಯಲ್ಲಿ ಯಾರಿಗೆ ಮೊದಲು ಟಾವೆಲ್ ಟೋಪಿ ಹಾಕಿದರು, ಯಾರಿಗೆ ಕಾಲಿಗೆ ನೀರು ಕೊಟ್ಟರು, ಯಾರನ್ನು ಕಂಬಳಿಯ ನಡುವೆ ಕೂಡಿಸಿದರು, ಯಾರನ್ನು ಅಂಚಿಗೆ ತಳ್ಳಿದರು ಎಂಬ ಲೆಕ್ಕ. ನಮ್ಮ ಕಾಕಾ ಒಮ್ಮೆ ಕೊಡಂಬಲದ ಮದುವೆಯೊಂದರಲ್ಲಿ ತನಗಿಂತ ಮೊದಲು ತನ್ನ ತಮ್ಮನಿಗೆ ಟೋಪಿ ಹಾಕಿದರೆಂದು ಎದ್ದು ನಡೆದರು. ಊರ ಹೊರಗಿನ ಬೇವಿನ ಮರದ ಕೆಳಗೆ, ಬೀಗರು ಬಂದು ಕಾಲು ಹಿಡಿಯಲಿ ಎಂದು ಕೂತರು. ಅಕ್ಷತೆ ಬಿತ್ತು, ಊಟದ ಪಂಕ್ತಿಗಳು ಎದ್ದವು, ಬಾಜಾದವರು ಗಂಟು ಕಟ್ಟಿದರು. ಅವರು ಎದ್ದು ಹೋದದ್ದೇ ಯಾರಿಗೂ ಗೊತ್ತಾಗಿರಲಿಲ್ಲ. ಸಂಜೆ ಹಸಿವು ತಾಳದೆ ತಾವೇ ಬಂದು, ಅಡುಗೆಯವರ ಜೊತೆ ಕೂತು ತಣ್ಣಗಾದ ಹುಗ್ಗಿ ಉಂಡರು. ಈ ಕಥೆ ಹೇಳಿ ಹೇಳಿ ನಾನು ಬಹಳ ಸಲ ನಕ್ಕಿದ್ದೇನೆ. ಆದರೆ ಮೈಯಲ್ಲಿ ಹರಿಯುವುದು ಅದೇ ರಕ್ತ ಎಂದು ಗೊತ್ತಾದದ್ದು ತಡವಾಗಿ.

ನನಗೆ ಒಬ್ಬಳೇ ತಂಗಿ, ಶರಣಮ್ಮ. ತೊಂಬತ್ತರ ಸುಮಾರಿಗೆ ಆಕೆಗೆ ರಾಜೇಶ್ವರದ ಸಂಬಂಧ ಬಂದಾಗ ಅಪ್ಪನ ಜಾಗದಲ್ಲಿ ನಿಂತು ಮನೆ ನೋಡಲು ಹೋದವನು ನಾನೇ. ಬಾಗಿಲಲ್ಲೇ ತಂಬಿಗೆ ನೀರು ಕೊಟ್ಟರು. ಹೊಸ ಕಂಬಳಿ ಹಾಸಿದರು. ಅವಲಕ್ಕಿ ಚೂಡಾದ ತಾಟಿನಲ್ಲಿ ಶೇಂಗಾ ಎಣಿಸಲಾರದಷ್ಟಿತ್ತು. ಆ ಆದರದಲ್ಲಿ ನಾನು ಹುಡುಗ ಏನು ಕೆಲಸ ಮಾಡುತ್ತಾನೆ ಎಂದು ಕೇಳುವುದನ್ನೇ ಮರೆತು ಬಂದೆ. ಅವ್ವ ಕೇಳಿದಾಗ, "ಮಂದಿ ಛಲೋ ಅದಾರ ಅವ್ವಾ" ಎಂದೆ, ಅಷ್ಟೆ. ನಮ್ಮ ಪುಣ್ಯ, ಹುಡುಗ ಕಾಶಿನಾಥ ನಿಜಕ್ಕೂ ಒಳ್ಳೆಯವನು. ಲಾರಿ ಡ್ರೈವರ್. ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲಿದ್ದರೂ ತಂಗಿಯ ಕಣ್ಣಲ್ಲಿ ನೀರು ಬರಿಸಲಿಲ್ಲ. ಆಗಿನಿಂದ ಶರಣಮ್ಮನಿಗೆ ನನ್ನ ಕಣ್ಣಿನ ಮೇಲೆ ವಿಪರೀತ ನಂಬಿಕೆ. ಎಮ್ಮೆ ಕೊಳ್ಳುವುದಿದ್ದರೂ ನನಗೇ ಹೇಳಿ ಕಳಿಸುತ್ತಿದ್ದಳು.

ಅವರಿಗೆ ಒಬ್ಬ ಮಗಳು, ಅಂಬಿಕಾ. ಕಾಶಿನಾಥ ಒಮ್ಮೆ ಕಲ್ಕತ್ತೆಗೆ ಲೋಡು ಹಾಕಿಕೊಂಡು ಹೋದವನು ಬರುವಾಗ ಒಂದು ಫುಟ್‌ಬಾಲ್ ತಂದ. ಗಂಡುಮಕ್ಕಳಿಲ್ಲದ ಮನೆಗೆ ಫುಟ್‌ಬಾಲ್ ಯಾಕೆ ಎಂದು ಓಣಿಯೆಲ್ಲ ಕೇಳಿತು.

"ಅಲ್ಲಿ ಹುಡುಗ್ಯಾರು ಕೆಸರಾಗ ಬಿದ್ದು ಎದ್ದು ಆಡ್ತಾರ. ನಾ ಲಾರಿ ನಿಂದ್ರಸಿ ನೋಡೀನಿ. ನಮ್ಮಕಿ ಯಾಕ ಆಡಬಾರದು?" ಎಂದ ಕಾಶಿನಾಥ.

ಹುಡುಗಿ ಆ ಚೆಂಡನ್ನು ತೊಗರಿ ಕಟ್ಟಿಗೆಯ ಬಣವೆಗೆ ಒದೆಯುತ್ತ ಬೆಳೆದಳು. ಎಡಗಾಲಿನಿಂದ ಒದೆಯುತ್ತಿದ್ದಳು. ಒಂದು ವರ್ಷದಲ್ಲಿ ಚೆಂಡು ಮೂರು ಸಲ ಬಿಚ್ಚಿತು. ಮೂರೂ ಸಲ ಸೀಟಿನ ದಾರದಲ್ಲಿ ನಾನೇ ಹೊಲಿದು ಕೊಟ್ಟೆ. ಹೊಲಿದ ಕಡೆ ಉಬ್ಬಿ ಚೆಂಡು ಓರೆಯಾಗಿ ಉರುಳುತ್ತಿತ್ತು. ಅದನ್ನೂ ಆಕೆ ನೆಟ್ಟಗೆ ಕಳಿಸುವುದು ಕಲಿತಳು.

ಆಕೆಗೆ ಹನ್ನೆರಡು ತುಂಬಿದಾಗ, ಅಂದರೆ ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಶಾಲೆಯ ಡ್ರಿಲ್ ಮಾಸ್ತರರು ತಂಗಿಯ ಮನೆಗೇ ಬಂದರು. ಹುಮನಾಬಾದಿನಲ್ಲೊಂದು, ಬಸವಕಲ್ಯಾಣದಲ್ಲೊಂದು ಕ್ಲಬ್ಬು ಹುಡುಗಿಯರ ತಂಡ ಕಟ್ಟುತ್ತಿವೆ ಎಂದರು. ರಾಜೇಶ್ವರ ಇರುವುದು ಇವೆರಡರ ನಡುವೆ. ಯಾವ ಕಡೆಗಾದರೂ ಬಸ್ಸುಂಟು.

"ಯಾವುದರ ಒಂದು ಹಿಡೀರಿ ಅಮ್ಮಾ. ಒಂದರಾಗ ಹೆಸರು ಬರಸಿದ ಮ್ಯಾಲ ಇನ್ನೊಂದಕ್ಕ ಹೋಗಾಕ ಬರಂಗಿಲ್ಲ. ಛಲೋ ಕಡಿ ಬಿದ್ದಳಂದ್ರ ಹದಿನಾಲ್ಕು ತುಂಬೂದ್ರಾಗ ಕ್ರೀಡಾ ಹಾಸ್ಟೆಲ್ಲಿಗಿ ಹೋಗ್ತಾಳ. ಓದು, ಊಟ, ಆಟ ಎಲ್ಲ ಅಲ್ಲೇ. ಹದಿನಾಲ್ಕು ದಾಟಿದ್ರ ಯಾರೂ ಕೇಳಂಗಿಲ್ಲ."

ಕಾಶಿನಾಥ ಆಗ ಒಡಿಶಾದ ಕಡೆ ಇದ್ದ. ಶರಣಮ್ಮ ನನಗೆ ಹೇಳಿ ಕಳಿಸಿದಳು. "ಅಣ್ಣಾ, ಎರಡೂ ನೋಡ್ಕೊಂಡ್ ಬಾ. ನನಗೇನ್ ತಿಳೀತದ ಇದೆಲ್ಲ. ನೀ ಯಾವುದ ಅಂದ್ರ ಅದ."

ನಾನು ಬೀಗರ ಮನೆಗೆ ಹೋಗುವವನಂತೆ ಹೊರಟೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪೈಜಾಮ, ಬಿಳಿ ಟೋಪಿ, ಹೆಗಲಿಗೆ ಹೊಸ ಟಾವೆಲ್. ಹುಡುಗಿಯ ಸೋದರಮಾವ ಎಂದರೆ ಸಣ್ಣ ಮಾತೆ? ನೀವೇ ಹೇಳಿ, ನಮ್ಮ ಕಡೆ ಸೋದರಮಾವನಿಲ್ಲದೆ ಹುಡುಗಿಯ ಯಾವ ಕಾರ್ಯ ನಡೆದೀತು?

ಮೊದಲು ಬಸವಕಲ್ಯಾಣ. ಅಂಬಿಕಾ ಶಾಲೆಯ ಲಂಗದಲ್ಲೇ ಬಂದಿದ್ದಳು. ಬಯಲಿನಲ್ಲಿ ಹದಿನೈದು ಹುಡುಗಿಯರು ಇಟ್ಟಿಗೆಗಳ ಸುತ್ತ ಓಡುತ್ತಿದ್ದರು. ಕಲಿಸುವವರು ರಹೀಮ್ ಉಸ್ತಾದರು. ಹೈದರಾಬಾದಿನಲ್ಲಿ ಆಡಿ, ಮೊಣಕಾಲು ಹಾಳಾಗಿ ಊರಿಗೆ ಮರಳಿದವರು. ಬಾಯಲ್ಲಿ ಸೀಟಿ. ನಮ್ಮ ಕಡೆ ಬೆನ್ನು. ನಾನು ಕೆಮ್ಮಿದೆ. ತಿರುಗಲಿಲ್ಲ. ಇನ್ನೊಮ್ಮೆ ಕೆಮ್ಮಿದೆ.

"ಅರೇ ಭಾಯ್, ಗೆರಿ ಮ್ಯಾಲ ನಿಂತು ಏನ್ ನೋಡಾಕತ್ತೀರಿ? ಬಾಜೂ ಸರೀರಿ."

ಸರಿದೆ. ನೋಡಿದರೆ ಸುಣ್ಣದ ಗೆರೆ ನನ್ನ ಚಪ್ಪಲಿಗೆ ಹತ್ತಿತ್ತು. ಒಂದು ತಾಸು ಬಿಸಿಲಿನಲ್ಲಿ ನಿಂತೆ. ಅಲ್ಲಿ ಕುರ್ಚಿಯೇ ಇರಲಿಲ್ಲ. ಹಾಳಾದ ಮೊಣಕಾಲಿನ ಆ ಮನುಷ್ಯನೂ ಒಂದು ತಾಸು ನಿಂತೇ ಇದ್ದ ಎಂಬುದು ಆವತ್ತು ನನ್ನ ಕಣ್ಣಿಗೆ ಬೀಳಲಿಲ್ಲ.

ಕೊನೆಗೆ ಹತ್ತಿರ ಬಂದರು. ನಾನು ಟೋಪಿ ಸರಿಮಾಡಿಕೊಂಡು, "ನಾ ಹುಡುಗಿ ಸೋದರಮಾವ ಇದ್ದೀನ್ರಿ" ಎಂದೆ.

"ಇರ್ರಿ. ಓಡೋದ್ ಯಾರು, ನೀವಾ ಆಕಿನಾ?"

ಹದಿನೈದು ಹುಡುಗಿಯರೂ ನಕ್ಕರು. ಅಂಬಿಕಾಳೂ ನಕ್ಕಳು. ಆ ನಗು ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಉಸ್ತಾದರು ಆಮೇಲೆ ನನ್ನನ್ನು ಮರೆತೇಬಿಟ್ಟರು. ಕಷ್ಟಪಟ್ಟು ನೆಲಕ್ಕೆ ಕೂತು, "ಬೇಟಿ, ಚಪ್ಪಲ್ ತೆಗಿ" ಎಂದು ಆಕೆಯ ಪಾದ ಹಿಡಿದು ಅದುಮಿ ನೋಡಿದರು, ಎತ್ತಿನ ಗೊರಸು ನೋಡುವ ಹಾಗೆ.

"ಮುಂಜಾನಿ ಏನ್ ತಿಂದಿ?"

"ರೊಟ್ಟಿರಿ. ಖಾರಾ ಹಿಂಡಿ. ಚಹಾ."

"ಚಹಾ ಬಂದ್. ಶೇಂಗಾ ತಿನ್ನು, ಬೆಲ್ಲ ತಿನ್ನು. ಹ್ಞಾಂ, ಒದಿ ಈಗ."

ಎರಡು ಇಟ್ಟಿಗೆಗಳ ನಡುವೆ ಹತ್ತು ಸಲ ಒದೆಸಿದರು. ಏಳು ಸಲ ಚೆಂಡು ನಡುವೆಯೇ ಹೋಯಿತು. ಉಸ್ತಾದರು ಶಹಬಾಸ್ ಎನ್ನಲೂ ಇಲ್ಲ. ಅಂಬಿಕಾ ಏದುಸಿರು ಬಿಡುತ್ತ ನಲ್ಲಿಗೆ ನೀರು ಕುಡಿಯಲು ಓಡಿದಳು. ಆಗ ಮೊದಲ ಸಲ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದರು:

"ಆ ಎಡಗಾಲು ದೇವರು ಕೊಟ್ಟಿದ್ದು. ಕಲಿಸಿದ್ರ ಬರೂವಂಥದಲ್ಲ. ನನ್ನ ಹತ್ರ ಒಂದೇ ಜಾಗ ಉಳದದ. ಐತ್ವಾರ ಮುಂಜಾನಿ ಆರಕ್ಕ ಕರ್ಕೊಂಡ್ ಬರ್ರಿ, ಜನ್ಮದಾಖಲೆ ತರ್ರಿ. ಆರು ಅಂದ್ರ ಆರು. ಸವ್ವಾ ಆರಕ್ಕ ಬಂದ್ರ ಹಂಗ ಹೊಳ್ಳಿ ಹೋಗ್ರಿ."

ಅವರು ಹೇಳಿದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಒಂದು ತಂಬಿಗೆ ನೀರು ಕೊಡದವನು ಹೊಳ್ಳಿ ಹೋಗಲು ಬೇರೆ ಹೇಳುತ್ತಾನಲ್ಲ!

ಬಸ್ಸಿನಲ್ಲಿ ಅಂಬಿಕಾ ಕೇಳಿದಳು: "ಉಸ್ತಾದ್ ಏನಂದ್ರು ಮಾಮಾ?"

"ನೋಡೋಣ ಅಂದಾರ."

"ಅಷ್ಟೇನಾ?"

"ಅಷ್ಟೇ."

ಮಾರನೆಯ ದಿನ ನಾನೊಬ್ಬನೇ ಹುಮನಾಬಾದಿನ ಕ್ಲಬ್ಬಿಗೆ ಹೋದೆ. ಅದರ ಅಧ್ಯಕ್ಷರು ದೊಡ್ಡ ವ್ಯಾಪಾರಸ್ಥರು. ನಾನಿನ್ನೂ ಗೇಟಿನಲ್ಲಿರುವಾಗಲೇ "ಬರ್ರಿ ಬರ್ರಿ, ಸೋದರಮಾವಂದ್ರು ಬಂದಾರ, ಕುರ್ಚಿ ತರ್ರೀ" ಎಂದು ಕೂಗಿದರು. ನೀಲಿ ಕುರ್ಚಿ ಬಂತು. ಒರೆಸಿ ಕೊಟ್ಟರು. ಚಹಾ ಬಂತು, ಬಿಸ್ಕೀಟು ಬಂತು. "ಹುಡುಗಿ ಮಾವ ಅಂದ್ರ ತಾಯಿ ಇದ್ದಂಗ" ಎಂದರು. ಹೊರಡುವಾಗ ನಾಲ್ಕು ಜನರ ಮುಂದೆ ಟಾವೆಲ್ ಟೋಪಿ ಹಾಕಿದರು. ಕಾಕಾ ಬದುಕಿದ್ದರೆ ಕಣ್ಣೊರೆಸಿಕೊಳ್ಳುತ್ತಿದ್ದರು. ಮೈದಾನದಲ್ಲಿ ಹುಡುಗಿಯರು ಬಣ್ಣದ ಅಂಗಿ ತೊಟ್ಟು ಸಾಲಾಗಿ ನಿಂತು ಸೆಲ್ಯೂಟ್ ಕಲಿಯುತ್ತಿದ್ದರು. ಕುರ್ಚಿಗಳು ಹತ್ತು ಇದ್ದವು, ಚೆಂಡು ಎರಡು. ಅದರಲ್ಲೊಂದಕ್ಕೆ ಗಾಳಿ ಇರಲಿಲ್ಲ. ಸೀಟು ಹೊಲಿಯುವವನಿಗೆ ಅದಾದರೂ ಕಾಣಬೇಕಿತ್ತು. ಹುಡುಗಿ ಯಾವ ಕಾಲಿನಿಂದ ಒದೆಯುತ್ತಾಳೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಜೆ ರಾಜೇಶ್ವರಕ್ಕೆ ಹೋದೆ. ಶರಣಮ್ಮ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು.

"ಹುಮನಾಬಾದದ್ದೇ ಪಕ್ಕಾ ಮಾಡು. ಮಾನ ಮರ್ಯಾದಿ ಇದ್ದ ಮಂದಿ" ಎಂದೆ.

"ಕಲ್ಯಾಣದವರು ಏನಂದ್ರಣ್ಣಾ? ಮಾಸ್ತರ್ರು ಆ ಉಸ್ತಾದ್ ಭಾಳ ಹುಶಾರ ಅಂತಿದ್ರು."

ಇಲ್ಲಿಯ ತನಕ ನನ್ನದು ತಪ್ಪು ಆಯ್ಕೆ, ಅಷ್ಟೆ. ಅಂಥ ತಪ್ಪು ಯಾರೂ ಮಾಡಬಹುದು. "ಅವರು ಕರದಾರ, ಆದ್ರ ನನಗ ಮನಸ್ಸಿಲ್ಲ" ಎಂದಿದ್ದರೆ ಶರಣಮ್ಮ ಒಂದು ಮಾತು ಕೇಳುತ್ತಿದ್ದಳು, ಅಂಬಿಕಾ ಹಟ ಹಿಡಿಯುತ್ತಿದ್ದಳು, ನಾನು ಸೋಲುತ್ತಿದ್ದೆ. ಆ ಸೋಲು ಬೇಡವಾಗಿತ್ತು.

"ಅವರು ಬ್ಯಾಡ ಅಂದ್ರು" ಎಂದೆ.

"ಯಾಕ?"

"ಅವರಿಗಿ ಬೇಕಾದಂಥಾಕಿ ಅಲ್ಲಂತ."

ಅಂಬಿಕಾ ಹೊಸ್ತಿಲಲ್ಲಿ ನಿಂತಿದ್ದಳು. ನಾನು ಚಹಾ ಕುಡಿಯದೆ ಕಡೆಯ ಬಸ್ಸು ಹಿಡಿದೆ.

ಐತ್ವಾರ ಮುಂಜಾನೆ ರೂಢಿಯಂತೆ ಐದಕ್ಕೆ ಎಚ್ಚರವಾಯಿತು. ಮೊದಲ ಬಸ್ಸಿಗೆ ಹೋದರೆ ರಾಜೇಶ್ವರದಲ್ಲಿ ಹುಡುಗಿಯನ್ನು ಹತ್ತಿಸಿಕೊಂಡು ಆರರೊಳಗೆ ಮುಟ್ಟಬಹುದು ಎಂಬ ಲೆಕ್ಕ ತಲೆಗೆ ಬಂತು. ಬರಲಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಒಲೆ ಹೊತ್ತಿಸಿ ಚಹಾ ಇಟ್ಟೆ. ಹಾಲು ಉಕ್ಕಿತು, ಒರೆಸಿದೆ. ಬಸ್ಸಿನ ಹಾರ್ನ್ ಕೇಳಿಸಿತು. ಚಹಾ ಸೋಸಿದೆ. ಆರು ಹೊಡೆಯಿತು.

ಹುಮನಾಬಾದಿನ ಕ್ಲಬ್ಬಿನಲ್ಲಿ ಅಂಬಿಕಾ ಎರಡು ವರ್ಷ ಇದ್ದಳು. ಮಂತ್ರಿಗಳು ಬಂದರೆ ಹೂಗುಚ್ಛ ಕೊಡುವುದು, ಮೆರವಣಿಗೆಯಲ್ಲಿ ಬಣ್ಣದ ಅಂಗಿ ತೊಟ್ಟು ನಡೆಯುವುದು, ಫೋಟೋಕ್ಕೆ ನಿಲ್ಲುವುದು. ಆಡಿದ ಪಂದ್ಯಗಳನ್ನು ಒಂದೇ ಕೈಯ ಬೆರಳುಗಳಲ್ಲಿ ಎಣಿಸಬಹುದು. ಪ್ರತಿ ಸಲವೂ ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಒಂದು ಪಂದ್ಯದಲ್ಲಿ ನೋಡುತ್ತೇನೆ, ಹುಡುಗಿ ಬಲಗಾಲಿನಿಂದ ಒದೆಯುತ್ತಿದ್ದಾಳೆ. ಚೆಂಡು ಎಲ್ಲೆಲ್ಲೋ ಹೋಗುತ್ತಿದೆ. ಆಟ ಮುಗಿದ ಮೇಲೆ ಕೇಳಿದೆ.

"ಎಡಗಾಲಲೆ ಯಾಕ ಒದಿಯಂಗಿಲ್ಲ ನೀ?"

"ಅದ ಕಾಲಲೆ ಒದ್ದಿದ್ದಕ್ಕ ಅಲ್ಲ ಮಾಮಾ, ಉಸ್ತಾದ್ ಬ್ಯಾಡ ಅಂದಿದ್ದು? ಬಲಗಾಲ ರೂಢಿ ಮಾಡ್ಕೊಳಾಕತ್ತೇನಿ."

ಆಗಲೂ ಹೇಳಬಹುದಿತ್ತು. ಆಕೆಗಿನ್ನೂ ಹದಿಮೂರು. ಕ್ಲಬ್ಬು ಬದಲಿಸಲು ಬಾರದಿದ್ದರೂ ಎಡಗಾಲಾದರೂ ಉಳಿಯುತ್ತಿತ್ತು, ಹಾಸ್ಟೆಲ್ಲಿಗೆ ಇನ್ನೂ ಒಂದು ವರ್ಷ ಕೈಯಲ್ಲಿತ್ತು. ನಾನು ಆಕೆಗೆ ಕಬ್ಬಿನ ಹಾಲು ಕೊಡಿಸಿದೆ.

ಮುಂದಿನ ವರ್ಷ ಒಂದು ಹಳೆಯ ಪೇಪರಿನ ಮೇಲೆ ಅಳತೆ ಹಾಕಲು ಹೋದರೆ ಉಸ್ತಾದರ ಹುಡುಗಿಯರ ಫೋಟೋ. ಅವರಲ್ಲಿ ಇಬ್ಬರು ಹಾಸ್ಟೆಲ್ಲಿಗೆ ಆಯ್ಕೆಯಾಗಿದ್ದರು. ಇಬ್ಬರ ಹೆಸರನ್ನೂ ಎರಡೆರಡು ಸಲ ಓದಿದೆ. ಆಮೇಲೆ ಆ ಪೇಪರನ್ನು ಮಡಚಿ, ಕೈಯಲ್ಲಿದ್ದ ಲಾರಿ ಸೀಟಿನ ನಾರಿನೊಳಗೆ ತುರುಕಿ, ಮೇಲೆ ರೆಕ್ಸಿನ್ ಎಳೆದು ಎರಡು ಹೊಲಿಗೆ ಹೆಚ್ಚಿಗೆ ಹಾಕಿದೆ. ಲಾರಿ ನಾಗಪುರಕ್ಕೆ ಹೋಯಿತು. ಯಾರದೋ ಪಾಪದ ಮೇಲೆ ಕೂತು ಹೋಗುತ್ತಿದ್ದೇನೆಂದು ಪಾಪ, ಆ ಡ್ರೈವರನಿಗೇನು ಗೊತ್ತು? ಅಂಬಿಕಾಳಿಗೆ ಹದಿನಾಲ್ಕು ದಾಟಿತು. ಉಸ್ತಾದರು ಮಗನಿದ್ದಲ್ಲಿಗೆ, ಸೋಲಾಪುರಕ್ಕೋ ಪುಣೆಗೋ ಹೋದರೆಂದು ಯಾರೋ ಹೇಳಿದರು. ನನಗೆ ಸಮಾಧಾನವಾಯಿತು. ಈ ವಿಷಯದಲ್ಲೂ ಸುಳ್ಳು ಹೇಳುವುದಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ನಾನು ರಾಜೇಶ್ವರದಲ್ಲಿದ್ದೆ. ಪಿಯುಸಿ ಮುಗಿಸಿದ ಅಂಬಿಕಾ ಅಂಗಳದಲ್ಲಿ ಕೂತು ಬಿತ್ತನೆಗೆ ಶೇಂಗಾ ಒಡೆಯುತ್ತಿದ್ದಳು. ಊರ ಶಾಲೆಯ ಟೀಚರು ಬಂದರು. ಡ್ರಿಲ್ ಮಾಸ್ತರರು ವರ್ಗವಾಗಿ ಹೋಗಿದ್ದಾರೆ, ನಮ್ಮ ಹುಡುಗಿಯರಿಗೆ ಸಂಜೆ ಒಂದು ತಾಸು ಫುಟ್‌ಬಾಲ್ ಹೇಳಿಕೊಡು ಎಂದು ಕೇಳಿದರು.

ಅಂಬಿಕಾ ನಕ್ಕಳು. "ನಾ ಏನ್ ಹೇಳಿಕೊಡ್ಲಿ ಟೀಚರ್? ನನ್ನೇ ಬ್ಯಾಡ ಅಂದಿದ್ರು ಕಲ್ಯಾಣದಾಗ. ಬರೂವರಿಗಿ ಕೇಳ್ರಿ."

ಸಿಟ್ಟಿಲ್ಲ, ದುಃಖವಿಲ್ಲ. ತನ್ನ ಎತ್ತರ ಇಷ್ಟು ಎಂದು ಹೇಳುವ ಹಾಗೆ ಹೇಳಿದಳು. ಟೀಚರು ಹೋದರು. ನಾನು ಕಟ್ಟೆಯಿಂದ ಇಳಿದು ಆಕೆಯ ಎದುರಿಗೆ ನೆಲದ ಮೇಲೆ ಕೂತೆ. ಶೇಂಗಾದ ರಾಶಿಯಿಂದ ನಾಲ್ಕು ಕಾಯಿ ತೆಗೆದುಕೊಂಡೆ, ಒಡೆಯಲು ಆಗಲಿಲ್ಲ. ಹೇಳಿದೆ. ಗೆರೆಯ ಮೇಲೆ ನಿಂತದ್ದರಿಂದ ಹಿಡಿದು ಐತ್ವಾರದ ಆರು ಗಂಟೆಯ ತನಕ ಎಲ್ಲ ಹೇಳಿದೆ.

ಆಕೆ ಕೈ ನಿಲ್ಲಿಸಲಿಲ್ಲ. ಕಾಯಿ ಒಡೆಯುವ ಸದ್ದು ಒಂದೇ ಸಮನೆ ನಡೆದಿತ್ತು. ಆ ಸದ್ದಿನ ನಡುವೆಯೇ ಕೇಳಿದಳು:

"ಅವ್ವಗ ಹೇಳೀದಿ ಏನು?"

"ಇಲ್ಲ."

"ಹೋಗಿ ಹೇಳು."

ಶರಣಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲ ಚೌಕಟ್ಟು ಹಿಡಿದು ನಿಂತು ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವುದು ಹಗುರವಾಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ. ಬಡಿಯುವ ಸದ್ದು ನಿಂತಿತು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಅವತ್ತು ನೀ ಹೋದ ಮ್ಯಾಲ ನಾ ಆಕಿಗಿ ಹೊಡದೆ ಅಣ್ಣಾ" ಎಂದಳು. "ಅಲ್ಲಿ ಹೋಗಿ ಏನೋ ಉಡಾಳತನ ಮಾಡಿರಬೇಕು, ಅದಕ್ಕ ಬ್ಯಾಡ ಅಂದಾರ ಅಂತ. ಹಸಿ ತೊಗರಿ ಕಟಗಿಲೆ ಹೊಡದೆ. ಇಲ್ಲ ಅವ್ವಾ, ಏಳು ಗೋಲು ಹೊಡದೀನಿ ಅವ್ವಾ ಅಂತ ಅಳತಿದ್ಲು. ನಾ ಆಕಿ ಮಾತು ನಂಬಲಿಲ್ಲ. ನಿನ್ನ ಮಾತು ನಂಬಿದೆ."

ಹಿಟ್ಟಿನ ಕೈಯನ್ನು ಹಾಗೇ ಸೆರಗಿಗೆ ಒರೆಸಿಕೊಂಡು ಎದ್ದಳು. ನನ್ನ ಪಕ್ಕದಿಂದಲೇ ಹೊರಗೆ ಹೋದಳು. ಅಂಗಳದಲ್ಲಿ ಶೇಂಗಾ ಒಡೆಯುವ ಸದ್ದು ನಿಂತಿತು. ತಾಯಿ ಮಗಳು ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಹಕ್ಕೂ ಇರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯಾಡುತ್ತಿತ್ತು. ಕೈಗೆ ಸಿಕ್ಕ ಅರಿವೆಯಿಂದ ಇಳಿಸಿದೆ, ಒಲೆಯ ಕಟ್ಟಿಗೆ ಹಿಂದಕ್ಕೆಳೆದೆ.

ಮರುವಾರದಿಂದ ಅಂಬಿಕಾ ಶಾಲೆಯ ಬಯಲಿಗೆ ಹೋಗುತ್ತಿದ್ದಾಳೆಂದು ಕಾಶಿನಾಥ ಹೇಳಿದ. ಇಪ್ಪತ್ತು ಹುಡುಗಿಯರಂತೆ. ಕೂಗಿ ಕೂಗಿ ಆಕೆಯ ದನಿ ಕೂತಿದೆಯಂತೆ. ಅವನಿಗೂ ಎಲ್ಲ ಗೊತ್ತಾಗಿತ್ತು. ಆ ಮಾತು ತೆಗೆಯಲಿಲ್ಲ. ಅವನು ಒಳ್ಳೆಯವನು ಎಂದೆನಲ್ಲ. ಹಬ್ಬಕ್ಕೆ ಹೋದಾಗ ನಾನೇ ಧೈರ್ಯ ಮಾಡಿ, ಒಂದಿನ ನೋಡಲು ಬರಲೇ ಎಂದು ಅಂಬಿಕಾಳನ್ನು ಕೇಳಿದೆ. ಆಕೆ ನನ್ನ ಮುಂದೆ ಹೋಳಿಗೆಯ ತಾಟು ಇಟ್ಟಳು, ತುಪ್ಪ ಹಾಕಿದಳು.

"ಈಗ ಬ್ಯಾಡ ಮಾಮಾ. ನಾನೇ ಹೇಳಿ ಕಳಸ್ತೇನಿ."

ಇನ್ನೂ ಹೇಳಿ ಕಳಿಸಿಲ್ಲ. ಕಳಿಸದೆಯೂ ಇರಬಹುದು, ಅದು ಆಕೆಗೆ ಬಿಟ್ಟದ್ದು. ಕಳಿಸಿದ ದಿನ ಅಂಗಡಿ ತೆರೆಯುವುದಿಲ್ಲ.